ಬೆಳಗಿನ ಹೊತ್ತು ಕಣ್ಣು ಕಾಣದ ಕಾರು

ನನ್ನ ಗಂಡನ ಬಲಗಾಲಿನ ವಿಚಾರ ಹೇಳದೆ ನಮ್ಮ ಕಾರಿನ ವಿಚಾರ ಹೇಳಲು ಬರುವುದಿಲ್ಲ. ಕಾರು ಓಡಿಸುವವಳು ನಾನು. ಅವರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಅವರ ಕಾಲ ಕೆಳಗೆ ಬ್ರೇಕೂ ಇಲ್ಲ, ಆಕ್ಸಿಲರೇಟರೂ ಇಲ್ಲ, ಇರುವುದು ಒಂದು ರಬ್ಬರ್ ಮ್ಯಾಟು ಮಾತ್ರ. ಆ ಮ್ಯಾಟನ್ನು ಅವರು ಹಾಸನದಿಂದ ಚನ್ನರಾಯಪಟ್ಟಣದವರೆಗೂ ತುಳಿಯುತ್ತಾರೆ. ಮುಂದೆ ಲಾರಿ ಕಂಡರೆ ತುಳಿತ, ನಾಯಿ ಕಂಡರೆ ತುಳಿತ, ದೂರದಲ್ಲಿ ಯಾರೋ ಒಬ್ಬ ರಸ್ತೆ ಪಕ್ಕ ಸುಮ್ಮನೆ ನಿಂತು ಬೀಡಿ ಹಚ್ಚುತ್ತಿದ್ದರೂ ತುಳಿತ. ಮ್ಯಾಟಿನ ಆ ಜಾಗ ಸವೆದು ನುಣ್ಣಗಾಗಿದೆ. ಕಾಲೊಂದೇ ಕೆಲಸ ಮಾಡಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಜೊತೆಗೆ ಬಾಯಿಯೂ ನಡೆಯುತ್ತದೆ.

"ಬ್ರೇಕು. ಲೇ, ಬ್ರೇಕ್ ಆಕು ಅಂದೆ ಕಣೆ. ಅಷ್ಟ್ ಹತ್ರಕ್ಕೋಗ್ಬ್ಯಾಡ."

ಅವರದೂ ಪೂರ್ತಿ ತಪ್ಪಲ್ಲ. ವಿದ್ಯುತ್ ಇಲಾಖೆಯಲ್ಲಿದ್ದಾಗ ಇಡೀ ಸರ್ವೀಸು ಇಲಾಖೆಯ ಜೀಪನ್ನು ತಾವೇ ಓಡಿಸಿಕೊಂಡು ಊರೂರು ತಿರುಗಿದವರು. ನಿವೃತ್ತಿಯಾದ ಮೇಲೆ ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಹೋಯಿತು. ನೇರ ಇರುವುದೆಲ್ಲ ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಪಕ್ಕದಲ್ಲಿರುವ ನನ್ನನ್ನು ನೋಡಬೇಕಾದರೂ ಕತ್ತನ್ನು ಪೂರ್ತಿ ತಿರುಗಿಸಬೇಕು. ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಅವತ್ತು ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನು, ಹಳೇಕೋಟೆಯ ಶಾಲೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತೇ ಹೋಗಿ ಬಂದವಳು, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಾರು ಕಲಿತೆ. ಕಲಿತ ಮೇಲೆ ಗೊತ್ತಾಯಿತು, ಇಷ್ಟು ದಿನ ನಾನು ಏನು ಕಳೆದುಕೊಂಡಿದ್ದೆ ಎಂದು. ದಾರಿಯಲ್ಲಿ ಎಳನೀರು ಕುಡಿಯಬೇಕೆನಿಸಿದರೆ ನಿಲ್ಲಿಸಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಅರಕಲಗೂಡಿನ ತವರಿಗೆ ಹೋಗಿ ಸಾಯಂಕಾಲದೊಳಗೆ ಮನೆ ಸೇರಬಹುದು. ಆ ಕಾರು ನನ್ನ ಪಾಲಿಗೆ ಬರೀ ಕಾರಲ್ಲ. ಆದರೆ ಇವರನ್ನು ಕೂರಿಸಿಕೊಂಡರೆ ಮಾತ್ರ ನರಕ.

ಹಳೇ ಕಾರು ಕೊಟ್ಟು ಹೊಸದನ್ನು ತಂದಾಗ ಅದರಲ್ಲೊಂದು ಸೌಕರ್ಯವಿತ್ತು. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎಂದರು. ಹೆದ್ದಾರಿಯಲ್ಲಿ ಇಷ್ಟು ವೇಗ ಎಂದು ಸ್ಟೇರಿಂಗ್ ಮೇಲಿರುವ ಬಟನ್ ಒತ್ತಿ ಬಿಟ್ಟರೆ ಕಾರು ತಾನೇ ಆ ವೇಗದಲ್ಲಿ ಹೋಗುತ್ತದೆ. ಮುಂದೆ ಗಾಡಿ ಸಿಕ್ಕಿದರೆ ತಾನೇ ನಿಧಾನ ಮಾಡುತ್ತದೆ, ಅದರ ಹಿಂದೆ ಮರ್ಯಾದೆಯಿಂದ ದೂರ ಇಟ್ಟುಕೊಂಡು ಹೋಗುತ್ತದೆ, ಅದು ಪಕ್ಕಕ್ಕೆ ಹೋದರೆ ಮತ್ತೆ ವೇಗ ಹಿಡಿಯುತ್ತದೆ. ನಾನು ಸ್ಟೇರಿಂಗ್ ಹಿಡಿದುಕೊಂಡು ಕಣ್ಣು ತೆರೆದುಕೊಂಡು ಕೂತಿದ್ದರೆ ಸಾಕು. ಮೊದಲ ಭಾನುವಾರ ಚನ್ನರಾಯಪಟ್ಟಣದಲ್ಲಿರುವ ಇವರ ಅಕ್ಕನ ಮನೆಗೆ ಹೊರಟೆವು. ಪ್ರತಿ ಭಾನುವಾರ ಹೋಗುವುದು ನಮ್ಮ ವಾಡಿಕೆ. ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ, ನನಗೆ ಅತ್ತಿಗೆ. ನಾನು ಬಟನ್ ಒತ್ತಿದೆ. ಮುಂದೆ ಸಿಮೆಂಟ್ ಲಾರಿ ಬಂತು. ಇವರ ಕಾಲು ಎದ್ದಿತು. ಅಷ್ಟರಲ್ಲಿ ಕಾರು ತಾನೇ ಮೆತ್ತಗೆ ನಿಧಾನವಾಯಿತು. ಎದ್ದ ಕಾಲು ಗಾಳಿಯಲ್ಲೇ ನಿಂತಿತು.

"ನೀನ್ ಆಕ್ದಾ?"

"ಇಲ್ಲ ರೀ, ಅದೇ ಹಾಕಿಕೊಳ್ತು."

"ಅಬ್ಬಾ, ಬುದ್ಧಿ ಅಂದ್ರೆ ಇದು ಕಣೆ" ಎಂದು ಕಾಲು ಕೆಳಗಿಟ್ಟರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ನಾನು ಆ ಗೊರಕೆಯನ್ನು ಸಂಗೀತ ಕಚೇರಿ ಕೇಳಿದ ಹಾಗೆ ಕೇಳಿಕೊಂಡು ಗಾಡಿ ಓಡಿಸಿದೆ. ನಾನು ಬ್ರೇಕ್ ಹಾಕಿದರೆ ತಡ, ಯಂತ್ರ ಹಾಕಿದರೆ ಬುದ್ಧಿ. ಇರಲಿ, ಬಾಯಿ ಮುಚ್ಚಿತಲ್ಲ ಎಂದು ಹೊಟ್ಟೆ ತಣ್ಣಗಾಯಿತು.

ಹೊಳೆನರಸೀಪುರದ ಕಡೆ ಮಾತ್ರ ಈ ಆಟ ನಡೆಯುವುದಿಲ್ಲ. ಆ ಕಡೆಯ ಹಳ್ಳಿಮೈಸೂರಿನಲ್ಲಿ ನಮ್ಮ ಜಮೀನಿದೆ, ರಾಗಿ ಬರುತ್ತದೆ. ಒಂದು ಸಲ ಅಲ್ಲಿ ಯಂತ್ರವನ್ನು ನಂಬಿ ಬಟನ್ ಒತ್ತಿದೆ. ಹುಲ್ಲು ತುಂಬಿದ ಟ್ರ್ಯಾಕ್ಟರ್ ಮುಂದೆ ಸಿಕ್ಕಿತು. ನಮ್ಮ ಕಾರು ಹೊಸ ಸೊಸೆ ಅತ್ತೆಯ ಹಿಂದೆ ನಡೆಯುವ ಹಾಗೆ ತಗ್ಗಿ ಬಗ್ಗಿ ಅದರ ಹಿಂದೆಯೇ ಹೋಯಿತು. ಹಿಂದಿನಿಂದ ಬೈಕಿನವರು, ಆಟೋದವರು ಹಾರ್ನ್ ಹೊಡೆದು ಹೊಡೆದು ನನ್ನ ವಂಶಕ್ಕೆಲ್ಲ ಮಂಗಳಾರತಿ ಎತ್ತಿದರು. ಇವರು ಮಾತ್ರ ಆನಂದವಾಗಿದ್ದರು. "ಓಗ್ಲಿ ಬುಡು, ಏನ್ ಅರ್ಜೆಂಟು" ಎಂದರು. ಜನ್ಮದಲ್ಲಿ ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ.

ಈ ಸುಖ ಕೆಟ್ಟದ್ದು ಕಾರ್ತಿಕ ಮುಗಿದು ಇಬ್ಬನಿ ಬೀಳುವ ಕಾಲಕ್ಕೆ. ಒಂದು ಭಾನುವಾರ ಬೆಳಿಗ್ಗೆ ಹೆದ್ದಾರಿಗೆ ಬಂದು ಬಟನ್ ಒತ್ತಿದರೆ ಕೀಂ ಎಂದು ಸದ್ದು ಮಾಡಿ ಮುಂದಿನ ಪರದೆಯ ಮೇಲೆ ಒಂದು ಸಾಲು ಬಂತು. ಮುಂದಿನ ಸೆನ್ಸರಿಗೆ ಕಾಣುತ್ತಿಲ್ಲ, ಕ್ರೂಸ್ ಸಿಗುವುದಿಲ್ಲ ಎಂದು ಅದರ ಅರ್ಥ. ಓದಿ ಹೇಳಿದೆ.

"ಅದಕ್ಕೂ ಕಣ್ ಓಯ್ತಾ?" ಎಂದರು ಇವರು. ಆಮೇಲೆ ಮ್ಯಾಟು ತುಳಿಯಲು ಶುರು ಮಾಡಿದರು. ಹಳೇ ಬಾಕಿಯೆಲ್ಲ ಸೇರಿಸಿ ತುಳಿದರು. ಅತ್ತಿಗೆಯ ಮನೆ ತಲುಪುವ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು.

ಮುಂದಿನ ಭಾನುವಾರವೂ ಅದೇ ಆಯಿತು. ಅದರ ಮುಂದಿನದೂ. ಆಗ ಒಂದು ಸಂಜೆ ಕಾಫಿ ಕುಡಿಯುತ್ತಾ ಇವರು ತಣ್ಣಗೆ ಬಾಂಬ್ ಹಾಕಿದರು.

"ಆ ಮಿಷಿನ್ ಇರೋಗಂಟ ನಂಗೆ ಧೈರ್ಯ ಇತ್ತು. ಈಗ ಅದೂ ಓಯ್ತು. ಅಕ್ಕನ ಅಳಿಯ ಗಾಡಿ ಕೇಳ್ತಾವ್ನೆ. ಕೊಟ್ಬುಡಾನ. ಬೇಕಾದಾಗ ಬಾಡಿಗೆ ಕಾರು, ಡ್ರೈವರು. ಬರೋ ಭಾನುವಾರ ಮಾತಾಡ್ಕಂಡ್ ಬರಾನ."

"ಅಂದರೆ ಇಷ್ಟು ದಿನ ಗಾಡಿ ಓಡಿಸ್ತಿದ್ದದ್ದು ಯಾರು?"

"ಇನ್ಯಾರು, ಅದೇ" ಎಂದರು. ತಮಾಷೆಗೆ ಹೇಳಲಿಲ್ಲ. ನಿಜವಾಗಿ ಹಾಗೇ ಅಂದುಕೊಂಡಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಗಾಡಿ ಇಬ್ಬರ ಹೆಸರಿನಲ್ಲಿ ತಂದದ್ದು, ನೀವೊಬ್ಬರೇ ಕೊಡುವುದು ಹೇಗೆ ಎಂದು ಜಗಳ ತೆಗೆಯಬಹುದಿತ್ತು. ಆದರೆ ಅವರ ಮುಖ ನೋಡಿದರೆ ಹಟವಿರಲಿಲ್ಲ, ಭಯವಿತ್ತು. ಪಕ್ಕದಿಂದ ಏನು ಬರುತ್ತದೆಂದು ಕಾಣದ ಮನುಷ್ಯ ಮುಂದಿನ ಸೀಟಿನಲ್ಲಿ ಕೂತು ಜೀವ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಾರೆ. ಅವರು ಬಾರದೆ ನಾನೊಬ್ಬಳೇ ಓಡಾಡಿದರೆ ಅದಕ್ಕೇನರ್ಥ. ಯಂತ್ರ ಸರಿಯಾಗಬೇಕು, ಇಲ್ಲದಿದ್ದರೆ ನನ್ನ ಕೈಯಿಂದ ಸ್ಟೇರಿಂಗ್ ಹೋಗುತ್ತದೆ. ಭಾನುವಾರದೊಳಗೆ ಅದರ ಕಣ್ಣಿಗೇನಾಗಿದೆ ಎಂದು ಕಂಡುಹಿಡಿಯಲೇಬೇಕೆಂದು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಮಾರನೆಯ ದಿನ ಹಾಸನದಲ್ಲೇ ಇರುವ ಸರ್ವೀಸ್ ಸೆಂಟರಿಗೆ ಹೋದೆ. ಟೈ ಕಟ್ಟಿದ ಒಬ್ಬರು ಬಹಳ ವಿನಯದಿಂದ ಕೂರಿಸಿ ಚಹಾ ಕೊಟ್ಟರು. ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರು. ಬಂಪರಿನ ಮುಖ ಒರೆಸಿದರು. ನನ್ನನ್ನೂ ಕೂರಿಸಿಕೊಂಡು ಬೈಪಾಸಿನಲ್ಲಿ ಒಂದು ಸುತ್ತು ಹೊಡೆದರು. ಹಾಳಾದ್ದು ಆಗ ಹೂ ಎತ್ತಿದ ಹಾಗೆ ಕೆಲಸ ಮಾಡಿತು. ಲಾರಿ ಕಂಡರೆ ನಿಧಾನ, ಲಾರಿ ಹೋದರೆ ವೇಗ. ಜೀವನದಲ್ಲಿ ಮೊದಲ ಸಲ ನನ್ನ ಗಾಡಿ ಕೆಡಲಿ ದೇವರೇ ಎಂದು ಬೇಡಿಕೊಂಡೆ.

"ಮೇಡಮ್, ಗಾಡೀಲಿ ಏನೂ ಪ್ರಾಬ್ಲಮ್ ಇಲ್ಲ. ಬೆಳಿಗ್ಗೆ ನೀವು ಬೇರೆ ಬಟನ್ ಒತ್ತಿರಬಹುದು."

"ನಾನು ಒತ್ತಿದ್ದು ಅದೇ ಬಟನ್."

"ಸರಿ ಮೇಡಮ್. ಮತ್ತೆ ಹಾಗಾದ್ರೆ ಆಗಲೇ ತಗೊಂಡು ಬನ್ನಿ."

"ಬೆಳಿಗ್ಗೆ ಆರೂವರೆಗೆ ನಿಮ್ಮ ಷಟರ್ ತೆಗೆದಿರುತ್ತಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆದರೆ ದಾರಿಯಲ್ಲಿ ಯೋಚಿಸಿದಾಗ ಒಂದು ವಿಚಾರ ಹೊಳೆಯಿತು. ಕೆಟ್ಟಿದ್ದೆಲ್ಲ ಬೆಳಿಗ್ಗೆ. ಭಾನುವಾರ ಅತ್ತಿಗೆಯ ಮನೆಯಿಂದ ಊಟ ಮಾಡಿ ವಾಪಸು ಬರುವಾಗ, ಕೆಟ್ಟಿದೆಯಲ್ಲ ಎಂದು ನಾನು ಬಟನ್ ಮುಟ್ಟಿಯೇ ಇರಲಿಲ್ಲ. ಹಾಗಾದರೆ ಇದು ಹೊತ್ತಿಗೆ ತಕ್ಕ ಕಾಯಿಲೆ. ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲದ್ದು ಏನು? ಇಬ್ಬನಿ. ಇಷ್ಟು ಹೊಳೆಯಲು ಇಷ್ಟು ದಿನ ಬೇಕಾಯಿತೇ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಬೆಳಕು ಹರಿಯುವಾಗಲೇ ಅಡುಗೆಮನೆಯಿಂದ ವೈರು ಎಳೆದು ತಲೆಗೂದಲು ಒಣಗಿಸುವ ಡ್ರೈಯರನ್ನು ಕಾರಿನ ಮುಂದೆ ಹಿಡಿದು ಕುಳಿತೆ. ಗ್ರಿಲ್ಲಿನ ಒಂದೊಂದು ಪಟ್ಟಿಯನ್ನೂ ಒಣಗಿಸಿದೆ. ಹಾಲಿಗೆ ಹೊರಟ ಎದುರು ಮನೆಯವರು ನಿಂತು ನೋಡಿದರು.

"ಏನ್ ಮೇಡಮ್, ಗಾಡಿಗೆ ಎಣ್ಣೆ ನೀರು ಆಕುದ್ರಾ?"

"ಹೌದು. ಶೀತ ಆಗಿದೆ" ಎಂದೆ.

ಒಣಗಿಸಿ ಹೆದ್ದಾರಿಗೆ ತೆಗೆದುಕೊಂಡು ಹೋದರೆ ಮತ್ತೆ ಅದೇ ಕೀಂ, ಅದೇ ಸಾಲು. ಇಬ್ಬನಿಯನ್ನು ಒಣಗಿಸಿದರೂ ಕಣ್ಣು ಬರಲಿಲ್ಲ. ವಿಜ್ಞಾನದ ಟೀಚರಿಗೆ ಇಷ್ಟು ಅವಮಾನ ಸಾಕಾಯಿತು. ಮನೆಗೆ ಬಂದರೆ ಇವರು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. "ಬುಡೆ, ಯಾಕ್ ಒದ್ದಾಡ್ತೀಯ. ಅಳಿಯಂಗೆ ಏಳಿವ್ನಿ" ಎಂದರು. ನಾನು ಒಳಗೆ ಹೋಗಿ ದೋಸೆ ಹಿಟ್ಟನ್ನು ರಪರಪನೆ ಕಲಕಿದೆ.

ತಲೆ ಕೆಟ್ಟು, ಶುಕ್ರವಾರ ಅರಕಲಗೂಡಿನ ಕಡೆ ಇರುವ ನನ್ನ ತಮ್ಮನ ಮನೆಗೆ ಹೊರಟೆ. ಮನಸ್ಸಿಗೆ ಬೇಜಾರಾದಾಗ ನನಗೆ ಇರುವುದು ಅದೊಂದೇ ದಾರಿ. ಕಾರು ಹೋದರೆ ಆ ದಾರಿಯೂ ಹೋದಂತೆ ಎಂದು ನೆನೆದಾಗ ಕಣ್ಣು ಮಂಜಾಯಿತು. ತಮ್ಮ ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ತಲುಪಿದಾಗ ಬಿಸಿಲೇರಿತ್ತು. ಅವನು ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಒಣಗಿಸಿದ ಸೊಪ್ಪಿನ ರಾಶಿಗೆ ಗೋಣಿ ಮುಚ್ಚುತ್ತಿದ್ದ. ಸಹಾಯ ಮಾಡೋಣವೆಂದು ಕೈ ಹಾಕಿದೆ. ಮುಟ್ಟಿದ ಎಲೆ ಹಪ್ಪಳದ ಹಾಗೆ ಮುರಿಯಿತು.

"ಅಕ್ಕ, ಈಗ ಮುಟ್ಬ್ಯಾಡ, ಪುಡಿಯಾಯ್ತದೆ. ಬೆಳಗ್ಗೆ ಬಂದಿದ್ರೆ ಬಟ್ಟೆ ಮಡಿಸ್ದಂಗೆ ಮಡಿಸ್ಬೋದಿತ್ತು. ರಾತ್ರಿ ಬಾಗ್ಲು ತಗ್ದು ಬುಟ್ರೆ ಸೊಪ್ಪು ತ್ಯಾವ ಕುಡಿತದೆ, ಮೆತ್ಗಾಯ್ತದೆ. ಬಿಸ್ಲು ಬಂದ್ರೆ ಮತ್ತೆ ಇಂಗೆ."

ಚಿಕ್ಕಂದಿನಿಂದ ಕಂಡ ವಿಚಾರ. ಹೂಂ ಎಂದು ಕೈ ಕೊಡವಿಕೊಂಡೆ. ನನ್ನ ಗೋಳು ಹೇಳಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

"ಅಂದಂಗೆ ಭಾವ ಇಲಿಗೆ ಅಂತ ತಕ್ಕಂಡೋದ್ರಲ್ಲ ಸೊಪ್ಪು, ಕೆಲ್ಸ ಮಾಡ್ತಾ?"

"ಯಾವ ಇಲಿ?"

"ಗಾಡಿ ಇಲಿ ಅಕ್ಕ. ದೀಪಾವಳೀಲಿ ಬಂದಾಗ ಒಂದ್ ಕಟ್ಟು ಸೊಪ್ಪು ಈಸ್ಕಂಡು ಗಾಡಿ ಮೂತಿ ಒಳಗೆ ಕಟ್ಟುದ್ರಲ್ಲ. ನಿಂಗೆ ಏಳ್ಬ್ಯಾಡ, ಬೈತಾಳೆ ಅಂದ್ರು."

ಇಲಿಯ ಕಥೆ ಹೀಗೆ. ಮಳೆಗಾಲದಲ್ಲಿ ಹಳ್ಳಿಮೈಸೂರಿನ ರಾಗಿ ಮೂಟೆಗಳನ್ನು ಮುಂದೆ ತೆರೆದೇ ಇರುವ ಕಾರ್ ಷೆಡ್ಡಿನಲ್ಲಿ ಇಟ್ಟಿದ್ದೆವು. ರಾಗಿ ತಿನ್ನಲು ಬಂದ ಇಲಿ ಬಾನೆಟ್ಟಿನೊಳಗಿನ ವೈರೂ ಕಡಿಯಿತು. ಆಗ ಇವರು ಬೇವಿನ ಸೊಪ್ಪು ಇಡೋಣ, ನುಸಿಗುಳಿಗೆ ಇಡೋಣ ಎಂದು ದಿನಕ್ಕೊಂದು ಔಷಧಿ ಹೇಳುತ್ತಿದ್ದರು. ಇದೇನು ಕಾರೋ, ನಾಟಿ ವೈದ್ಯರ ಚೀಲವೋ, ಬೋನು ಇಟ್ಟಿದ್ದೀನಿ ಸಾಕು ಎಂದು ನಾನು ಗದರಿಸಿದ್ದೆ. ಅವರು ಸುಮ್ಮನಾದರು. ಸುಮ್ಮನಾದರು ಎಂದು ನಾನು ನಂಬಿದ್ದೆ.

ತಮ್ಮನಿಗೆ ಉತ್ತರವನ್ನೂ ಕೊಡದೆ ಹೋಗಿ ಬಾನೆಟ್ ಎತ್ತಿದೆ. ಗ್ರಿಲ್ಲಿನ ಹಿಂಬದಿಗೆ ಕೈ ಇಳಿಸಿದೆ. ಕೈಗೆ ಈರುಳ್ಳಿ ತುಂಬುವ ಬಲೆಚೀಲ ಸಿಕ್ಕಿತು. ಅದರೊಳಗೆ ಚಪ್ಪಟೆಯಾಗಿ ಒತ್ತಿದ ಹೊಗೆಸೊಪ್ಪು. ಬಗ್ಗಿ ನೋಡಿದರೆ ಅಂಗೈ ಅಗಲದ ಒಂದು ಕಪ್ಪು ಡಬ್ಬಿ, ರಾಡಾರ್ ಸೆನ್ಸರ್. ಅದರ ಮುಖಕ್ಕೆ ಸರಿಯಾಗಿ ಈ ಚೀಲವನ್ನು ಸುತ್ತಿ ಕಟ್ಟಿದ್ದರು. ಕಣ್ಣು ಪಕ್ಕಕ್ಕೆ ಕಾಣದ್ದರಿಂದ ಕೈಯಲ್ಲೇ ತಡಕಿ, ಕಟ್ಟಲು ಅನುಕೂಲವಾದ ಜಾಗ ಹುಡುಕಿದ್ದಾರೆ. ವಿದ್ಯುತ್ ಇಲಾಖೆಯ ಕೈ, ಗಂಟು ಬಿಚ್ಚುವಂತಿರಲಿಲ್ಲ, ಕುಡುಗೋಲು ತರಿಸಿ ಕೊಯ್ದೆ. ಒಣಗಿದ್ದಾಗ ಸೊಪ್ಪು ರಾಡಾರಿಗೆ ಇದ್ದೂ ಇಲ್ಲದಂತೆ. ಬೆಳಿಗ್ಗೆ ತೇವ ಕುಡಿದು ಮೆತ್ತಗಾದರೆ ಒದ್ದೆ ಕಂಬಳಿ ಹೊದಿಸಿದಂತೆ. ನಾನು ಹೊರಗಿನ ಇಬ್ಬನಿ ಒಣಗಿಸುತ್ತಾ ಕೂತಿದ್ದೆ, ಇಬ್ಬನಿ ಕುಡಿದದ್ದು ಒಳಗೆ ಕೂತಿತ್ತು.

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ತಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತು ಸಂಜೆ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡೆ, ಪರೀಕ್ಷೆ ಮಾಡದೆ ತೀರ್ಪು ಕೊಡಬಾರದಲ್ಲ. ಶನಿವಾರ ಇಬ್ಬನಿ ಸುರಿಯುತ್ತಿರುವಾಗಲೇ ಒಬ್ಬಳೇ ಹೆದ್ದಾರಿಗೆ ಹೋಗಿ ಬಟನ್ ಒತ್ತಿದೆ. ಕೀಂ ಎನ್ನಲಿಲ್ಲ. ಕಾರು ತಾನೇ ವೇಗ ಹಿಡಿಯಿತು, ಮುಂದೆ ಬಸ್ಸು ಸಿಕ್ಕಿದಾಗ ತಾನೇ ನಿಧಾನವಾಯಿತು. ವಾಪಸು ಬಂದು ಇವರ ಕಾಫಿ ಲೋಟದ ಪಕ್ಕದಲ್ಲಿ ಬಲೆಚೀಲವನ್ನು ಧೊಪ್ಪೆಂದು ಹಾಕಿದೆ. ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಸೊಪ್ಪೇ ಅದರ ಕಣ್ಣಿಗೆ ಅಡ್ಡ ಕೂತಿತ್ತು ಎಂದೆ.

ಅವರು ಚೀಲವನ್ನು ಎತ್ತಿ ಮೂಸಿ ನೋಡಿದರು. "ಇಲಿ ಬಂತಾ?"

"ಇಲ್ಲ."

"ಮತ್ತೆ."

ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆ ಎಂದು ನನಗೇ ಆಶ್ಚರ್ಯವಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಮುಂದುವರಿದು ಹೇಳಿದರು.

"ಸರಿ ಬುಡು, ನಾಳೆ ನೋಡಾನ. ಅದು ನೆಟ್ಟಗೆ ಓಡ್ಸುದ್ರೆ ಗಾಡಿ ಮಡಿಕ್ಕಳಾನ. ಇಲ್ದಿದ್ರೆ ಅಳಿಯಂಗೆ."

ಅದು ಓಡಿಸಿದರೆ. ನಾನಲ್ಲ. ಮೈಯೆಲ್ಲ ಉರಿಯಿತು. ಇಲ್ಲದ ಕಾಯಿಲೆ ತಂದವರು ಅವರು, ಹುಡುಕಿ ವಾಸಿ ಮಾಡಿದವಳು ನಾನು, ಹೊಗಳಿಕೆ ಮಾತ್ರ ಆ ಡಬ್ಬಿಗೆ. ಆಗಲೇ ತೀರ್ಮಾನಿಸಿದೆ. ನಾಳೆ ಆ ಬಟನ್ ಮುಟ್ಟುವುದಿಲ್ಲ. ಹಾಕಿದ್ದೀನಿ ಎಂದು ಹೇಳಿ ನಾನೇ ಓಡಿಸುತ್ತೇನೆ. ಅತ್ತಿಗೆಯ ಮನೆ ಮುಟ್ಟಿದ ಮೇಲೆ, ಎಲ್ಲರ ಎದುರಿಗೆ, ಅಳಿಯನ ಎದುರಿಗೂ, ಇಲ್ಲಿವರೆಗೂ ಓಡಿಸಿದ್ದು ಯಾರು ಎಂದು ಕೇಳಿ ಬೆವರಿಳಿಸುತ್ತೇನೆ. ಏನೇನು ಹೇಳಬೇಕೆಂದು ರಾತ್ರಿ ಪೂರ್ತಿ ಜೋಡಿಸಿಕೊಂಡೆ.

ಭಾನುವಾರ ಹೆದ್ದಾರಿಗೆ ಬರುತ್ತಿದ್ದಂತೆ ಇವರು ಕೇಳಿದರು.

"ಆಕ್ದಾ?"

"ಹೂಂ, ಹಾಕಿದೆ" ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರುತ್ತದೆ.

ಆಮೇಲೆ ನಾನು ಓಡಿಸಿದ ಹಾಗೆ ಯಾವ ಡಬ್ಬಿಯೂ ಓಡಿಸಿರಲಿಕ್ಕಿಲ್ಲ. ಲಾರಿ ದೂರದಲ್ಲಿರುವಾಗಲೇ ಕಾಲು ಸಡಿಲಿಸಿದೆ. ಲೋಟದ ಹಾಲು ತುಳುಕದ ಹಾಗೆ ಬ್ರೇಕ್ ಮುಟ್ಟಿದೆ. ಎರಡು ಮೂರು ಸಲ ಇವರು ಕತ್ತು ಪೂರ್ತಿ ನನ್ನ ಕಡೆ ತಿರುಗಿಸಿದರು. ರಸ್ತೆಯ ಆ ಬದಿಯ ಹೊಲ ನೋಡುತ್ತಿರಬೇಕು ಎಂದುಕೊಂಡೆ. ಶಾಂತಿಗ್ರಾಮದ ಟೋಲ್ ದಾಟಿತು. ಮುಂದೆ ಒಂದು ಕಡೆ ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರ ಬಸ್ಸು ಸಿಗ್ನಲ್ಲೂ ಹಾಕದೆ ನನ್ನ ಮುಂದಕ್ಕೆ ನುಗ್ಗಿತು. ಆದರೂ ಮೆತ್ತಗೆ ನಿಧಾನ ಮಾಡಿ ದೂರ ಬಿಟ್ಟುಕೊಂಡೆ. ಓರೆಗಣ್ಣಿನಲ್ಲಿ ಇವರ ಬಲಗಾಲು ನೋಡಿದೆ. ಅದು ಇದ್ದ ಜಾಗದಲ್ಲೇ ಇತ್ತು. ಯಂತ್ರದ ಮೇಲೆ ಎಂಥಾ ನಂಬಿಕೆ ನೋಡು ಎಂದು ನನ್ನ ಸಿಟ್ಟು ಇನ್ನೂ ಏರಿತು. ಇರು, ಅಕ್ಕನ ಮನೆ ಬರಲಿ ಎಂದು ಹಲ್ಲು ಕಚ್ಚಿಕೊಂಡೆ.

ಅತ್ತಿಗೆಯ ಮನೆಯಲ್ಲಿ ಅಳಿಯ ಆಗಲೇ ಬಂದು ಕಾದಿದ್ದರು. ನಾವು ಇಳಿಯುವುದೇ ತಡ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಟೈರು ಅಮುಕಿ ನೋಡಿದರು. ಎಲ್ಲರೂ ಒಳಗೆ ಕೂತೆವು. ಅತ್ತಿಗೆ ಅಕ್ಕಿರೊಟ್ಟಿ ತಂದಿಟ್ಟರು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಇವರೇ ಬಾಯಿ ತೆರೆದರು.

"ಗಾಡಿ ಕೊಡಾಕಿಲ್ಲ ಕಣಕ್ಕ."

"ಯಾಕ್ಲಾ, ಆ ಮಿಷಿನ್ ಸರಿಯಾಯ್ತಾ?" ಎಂದರು ಅತ್ತಿಗೆ.

"ಸರಿಯಾಯ್ತಂತೆ, ನಂಗೇನ್ ಗೊತ್ತು. ಇವಳು ಅದ್ನ ಇವತ್ತು ಮುಟ್ಲೇ ಇಲ್ಲ. ಆಕಿವ್ನಿ ಅಂತ ಸುಳ್ಳು ಏಳ್ಕಂಡು ತಾನೇ ಓಡ್ಸ್ಕಂಡ್ ಬಂದ್ಲು. ಶಾಂತಿಗ್ರಾಮದ ಟೋಲ್ ದಾಟೋಗಂಟ ಇವಳ ಕೈನೇ ನೋಡ್ತಾ ಕುಂತಿದ್ದೆ."

"ಆಮೇಕೆ?"

"ಆಮೇಕೆ ಯಾಕ್ ನೋಡ್ಲಿ" ಎಂದು ಇವರು ರೊಟ್ಟಿ ಮುರಿದರು.

ನಾನು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಬೈಗುಳದಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಅಳು. ಎಲ್ಲರೆದುರಿಗೆ ಅಳುವುದು ಹೇಗೆಂದು ಎದ್ದು ಅಡುಗೆಮನೆಗೆ ಹೋಗಿ, ಚಟ್ನಿ ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ಗೋಡೆ ಕಡೆ ಮುಖ ಮಾಡಿ ನಿಂತುಕೊಂಡೆ.